ಡಿಜಿಟಲ್ ಪ್ರವಾಸಿ ಪಾಸ್‌ಗೆ ಯಾವ ಚೆಕ್-ಇನ್ ವಿಧಾನ ಹೊಂದುತ್ತದೆ?

ಹಲವು ತಾಣಗಳ ಪ್ರವೇಶ ಅಥವಾ ರಿಯಾಯಿತಿಯನ್ನು ಫೋನಿನಲ್ಲೇ ಕೊಡುವ ಡಿಜಿಟಲ್ ಪ್ರವಾಸಿ ಪಾಸ್ ರೂಪಿಸುವವರು ಯಾವ ತಾಣಗಳನ್ನು ಸೇರಿಸಬೇಕು, ಬೆಲೆ ಎಷ್ಟಿಡಬೇಕು, ಪಾಸ್ ಎಷ್ಟು ದಿನ ಚಾಲ್ತಿಯಲ್ಲಿರಬೇಕು ಎಂಬ ಚರ್ಚೆಗೆ ತಿಂಗಳುಗಟ್ಟಲೆ ಸಮಯ ಕೊಡುತ್ತಾರೆ. ಪ್ರವಾಸಿಗರು ತಾಣದ ಬಾಗಿಲಿಗೆ ಬಂದಾಗ ಅವರು ಬಂದದ್ದನ್ನು ದಾಖಲಿಸುವ (ಚೆಕ್-ಇನ್) ಬಗೆ ಯಾವುದು ಎಂಬ ಪ್ರಶ್ನೆ ಮಾತ್ರ ಬಹುಪಾಲು ಕೊನೆಯ ವಾರಗಳಿಗೆ ಉಳಿಯುತ್ತದೆ. ಆಗ ತಂತ್ರಾಂಶ ಒದಗಿಸುವವರ ಬಳಿ ಏನು ಸಿದ್ಧವಿದೆಯೋ ಅದನ್ನೇ ಎಲ್ಲ ತಾಣಗಳಿಗೂ ಅನ್ವಯಿಸಿಬಿಡುತ್ತಾರೆ. ಪಾಸ್ ಕೊಂಡವರಿಗೆ ಆ ವ್ಯವಸ್ಥೆಯ ನಿಜವಾದ ಪರಿಚಯವಾಗುವುದು ಬಾಗಿಲಿನಲ್ಲೇ ಆದ್ದರಿಂದ, ಈ ಪ್ರಶ್ನೆಯನ್ನು ಮೊದಲಿಗೇ ಎತ್ತಿಕೊಳ್ಳುವುದು ಒಳ್ಳೆಯದು. ಕ್ಯೂಆರ್ ಕೋಡ್, ಪಿನ್, ಜಿಪಿಎಸ್, ಎನ್‌ಎಫ್‌ಸಿ (ಫೋನ್ ತಾಕಿಸಿ ಓದುವ ತಂತ್ರ), ಬ್ಲೂಟೂತ್ ಬೀಕನ್ (ಸುತ್ತಲಿನ ಫೋನುಗಳಿಗೆ ಸಂಕೇತ ಬೀರುವ ಚಿಕ್ಕ ಸಾಧನ), ಮುಖ ಗುರುತಿಸುವಿಕೆ ಎಂಬ ಆಯ್ಕೆಗಳನ್ನು ಇಲ್ಲಿ ಹೋಲಿಸಿದ್ದೇನೆ. ಎಲ್ಲವಕ್ಕೂ ಸಮಾನ ಜಾಗ ಕೊಟ್ಟಿಲ್ಲ, ಏಕೆಂದರೆ ಎಲ್ಲವೂ ಸಮಾನವಾಗಿ ಉಪಯುಕ್ತವಲ್ಲ.

ಚೆಕ್-ಇನ್ ಏನನ್ನು ಸಾಬೀತುಪಡಿಸಬೇಕು?

ಹೋಲಿಕೆಗೆ ಇಳಿಯುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಬೇಕು: ಈ ದಾಖಲೆಯನ್ನು ನಂಬಿ ಯಾರು ಏನು ಮಾಡುತ್ತಾರೆ? ಹಣ ಕೊಟ್ಟು ಕೊಳ್ಳುವ ಪಾಸ್‌ಗಳಲ್ಲಿ ಪ್ರತಿ ಭೇಟಿಗೆ ಇಂತಿಷ್ಟೆಂದು ತಾಣಕ್ಕೆ ಪಾವತಿಯಾಗುವುದು ಸಾಮಾನ್ಯ. ಅಂಥಲ್ಲಿ ಒಂದು ಚೆಕ್-ಇನ್ ಎಂದರೆ ಒಂದು ಬಿಲ್ಲು. ನಾರ್ವೆಯ ರಾಜಧಾನಿಯ ಓಸ್ಲೋ ಪಾಸ್‌ನಂತೆ 24, 48, 72 ಗಂಟೆಗಳ ಲೆಕ್ಕದಲ್ಲಿ ಮಾರಾಟವಾಗುವ ಪಾಸ್‌ಗಳಲ್ಲಿ ಭೇಟಿಯ ಗಂಟೆ, ನಿಮಿಷವೂ ಹಣದ ವಿಷಯವೇ. ಉಚಿತವಾಗಿ ಸಿಗುವ, ಇಷ್ಟು ತಾಣಗಳನ್ನು ನೋಡಿದರೆ ಬಹುಮಾನವೆಂದು ಹೇಳುವ ಪಾಸ್‌ಗಳಲ್ಲಿ ಅದೇ ಚೆಕ್-ಇನ್ ಒಂದು ಅಂಕ ಮಾತ್ರ. ಇನ್ನು ಕೆಲವು ಪ್ರವಾಸೋದ್ಯಮ ಸಂಸ್ಥೆಗಳಿಗೆ ಬೇಕಾಗಿರುವುದು ಯಾವ ತಾಣಕ್ಕೆ ಯಾವ ಹೊತ್ತಿನಲ್ಲಿ ಎಷ್ಟು ಜನ ಹೋಗುತ್ತಾರೆ ಎಂಬ ಎಣಿಕೆಯಷ್ಟೇ.

ಈ ಮೂರೂ ಸಂದರ್ಭಗಳಲ್ಲಿ ಎರಡು ಬಗೆಯ ತಪ್ಪುಗಳು ಸಾಧ್ಯ. ಬಾರದವರನ್ನು ಬಂದರೆಂದು ಒಪ್ಪಿಕೊಳ್ಳುವುದು ಒಂದು. ಬಂದು ಎದುರಿಗೆ ನಿಂತವರನ್ನು ಒಪ್ಪದೆ ತಡೆಯುವುದು ಇನ್ನೊಂದು. ವ್ಯವಸ್ಥೆ ಕೊಳ್ಳುವವರು ಮೊದಲನೆಯದಕ್ಕೆ ಹೆಚ್ಚು ಹೆದರುತ್ತಾರೆ, ಏಕೆಂದರೆ ಅದಕ್ಕೆ ಮೋಸ ಎಂಬ ಹೆಸರಿದೆ. ಎರಡನೆಯದು ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ, ಆದರೆ ಹಣ ಕೊಟ್ಟು ದೂರದಿಂದ ಬಂದ ಕುಟುಂಬವೊಂದು ಬಾಗಿಲಿನಲ್ಲಿ ಹತ್ತು ನಿಮಿಷ ಫೋನ್ ಹಿಡಿದು ನಿಲ್ಲಬೇಕಾದರೆ ಆ ಪಾಸ್‌ನ ಹೆಸರು ಅಲ್ಲೇ ಕೆಡುತ್ತದೆ. ಒಂದು ತಪ್ಪು ಒಪ್ಪಿಗೆಯಿಂದ ಆಗುವ ನಷ್ಟ ಸ್ಟಿಕ್ಕರ್ ಅಥವಾ ಟೀಶರ್ಟ್‌ನಷ್ಟು ಮಾತ್ರ ಎನ್ನುವಲ್ಲಿ ಬಿಗಿಯಾದ ಪರಿಶೀಲನೆ ತಂದು ಸಾವಿರಾರು ಪ್ರಾಮಾಣಿಕರಿಗೆ ತೊಂದರೆ ಕೊಡುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರತಿ ದಾಖಲೆಯ ಹಿಂದೆ ದುಬಾರಿ ಪ್ರವೇಶ ಶುಲ್ಕವಿದ್ದರೆ ಆಗ ಬಿಗಿ ಬೇಕು, ಬಾಗಿಲಿನಲ್ಲಿ ಮನುಷ್ಯರೂ ಬೇಕು.

ಪ್ರವಾಸಿಗರ ಫೋನಿನಲ್ಲಿ ಕೋಡ್, ಸಿಬ್ಬಂದಿಯ ಕೈಯಲ್ಲಿ ಸ್ಕ್ಯಾನರ್

ಕ್ಯೂಆರ್ ಕೋಡ್ ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೋ ವೇವ್‌ನಲ್ಲಿ, ವಾಹನಗಳ ಬಿಡಿಭಾಗಗಳ ಜಾಡು ಹಿಡಿಯಲು. ಪ್ರವಾಸಿ ಪಾಸ್‌ನಲ್ಲಿ ಅದನ್ನು ಎರಡು ದಿಕ್ಕಿನಲ್ಲಿ ಬಳಸಬಹುದು, ಮತ್ತು ಈ ಎರಡನ್ನೂ ಒಂದೇ ವಿಧಾನವೆಂದು ಭಾವಿಸುವುದು ಯೋಜನೆಯ ಹಂತದಲ್ಲಿ ಆಗುವ ದೊಡ್ಡ ಗೊಂದಲ. ಕೋಡ್ ಪ್ರವಾಸಿಗರ ಫೋನಿನಲ್ಲಿದ್ದು ಸಿಬ್ಬಂದಿ ಓದಿದರೆ ಅದು ಟಿಕೆಟ್‌ ತಪಾಸಣೆ. ಕೋಡ್ ಗೋಡೆಯ ಮೇಲಿದ್ದು ಪ್ರವಾಸಿಗರೇ ಓದಿದರೆ ಅದು ತಾವು ಬಂದಿದ್ದೇವೆಂದು ಅವರೇ ಕೊಡುವ ಹೇಳಿಕೆ.

ಮೊದಲನೆಯದು ಪಾವತಿಯ ಲೆಕ್ಕವಿರುವ ಪಾಸ್‌ಗಳಿಗೆ ಅತ್ಯಂತ ಗಟ್ಟಿಯಾದ ಆಯ್ಕೆ. ಪ್ರವಾಸಿಗರು ಎದುರಿಗಿದ್ದಾರೆ ಎಂಬುದಕ್ಕೆ ಸಿಬ್ಬಂದಿಯೇ ಸಾಕ್ಷಿ, ಸಮಯ ದಾಖಲಾಗುವುದು ತಾಣದ ಯಂತ್ರದಲ್ಲಿ. ಇಲ್ಲಿ ಮೊದಲು ಗಮನಿಸಬೇಕಾದದ್ದು ಸ್ಕ್ಯಾನರ್. ಅನೇಕ ಟಿಕೆಟ್ ಕೌಂಟರ್‌ಗಳಲ್ಲಿ ಈಗಾಗಲೇ ಒಂದು ಸ್ಕ್ಯಾನರ್ ಇರುತ್ತದೆ, ಅದೇ ಸಾಕೆಂದು ಎಲ್ಲರೂ ಭಾವಿಸುತ್ತಾರೆ. ಕೆಂಪು ಗೆರೆಯೊಂದನ್ನು ಬೀರುವ ಹಳೆಯ ಲೇಸರ್ ಸ್ಕ್ಯಾನರ್ ಸಾಲು ಗೆರೆಗಳ ಬಾರ್‌ಕೋಡನ್ನು ಮಾತ್ರ ಓದುತ್ತದೆ. ಚೌಕಗಳ ಕ್ಯೂಆರ್ ಕೋಡ್ ಅದಕ್ಕೆ ಅರ್ಥವಾಗುವುದಿಲ್ಲ. ಕಾಗದದ ಮೇಲಿನ ಬಾರ್‌ಕೋಡನ್ನು ಚೆನ್ನಾಗಿ ಓದುವ ಅಂಥ ಯಂತ್ರ, ಫೋನಿನ ಗಾಜಿನ ಪರದೆಯ ಮೇಲಿನ ಬಾರ್‌ಕೋಡಿನ ಮುಂದೆಯೂ ಸೋಲುತ್ತದೆ. ಚಿತ್ರ ಸೆರೆಹಿಡಿದು ಓದುವ ಸ್ಕ್ಯಾನರ್ ಅಥವಾ ಸಿಬ್ಬಂದಿಯ ಫೋನಿನಲ್ಲಿ ಸ್ಕ್ಯಾನ್ ಮಾಡುವ ಆ್ಯಪ್ ಬೇಕು. ತಾಣಗಳೊಡನೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಅವರ ಕೌಂಟರಿನ ಸ್ಕ್ಯಾನರಿನ ಮುಂದೆ ನಿಮ್ಮ ಪಾಸ್ ಹಿಡಿದು ನೋಡುವುದು ಅರ್ಧ ಗಂಟೆಯ ಕೆಲಸ. ಅದನ್ನು ಬಿಟ್ಟರೆ ಉದ್ಘಾಟನೆಯ ದಿನ ಪರದಾಟ.

ಪರದೆಯ ಕಡೆಯಲ್ಲೂ ಚಿಕ್ಕ ವಿಷಯಗಳಿವೆ. ಮಧ್ಯಾಹ್ನದ ಬಿಸಿಲಿನಲ್ಲಿ ಮಂಕಾದ ಪರದೆ ಸ್ಕ್ಯಾನರಿಗೆ ಕಾಣುವುದಿಲ್ಲ, ಆದ್ದರಿಂದ ಪಾಸ್ ತೆರೆದ ಕೂಡಲೇ ಪರದೆಯ ಹೊಳಪು ತಾನಾಗಿ ಪೂರ್ತಿ ಏರುವಂತೆ ಆ್ಯಪ್ ರೂಪಿಸಿರಬೇಕು. ಡಾರ್ಕ್ ಮೋಡ್‌ನಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಚೌಕಗಳಾಗಿ ಕಾಣುವ ಕೋಡನ್ನು ಕೆಲವು ಸ್ಕ್ಯಾನರ್‌ಗಳು ಓದುವುದೇ ಇಲ್ಲ. ಕೋಡಿನ ಹಿಂದೆ ಯಾವಾಗಲೂ ಬಿಳಿಯ ಪಟ್ಟಿ ಇರಬೇಕು, ಅದರ ಸುತ್ತ ನಾಲ್ಕು ಚೌಕಗಳಷ್ಟು ಖಾಲಿ ಅಂಚು ಉಳಿಯಬೇಕು. ಕೋಡಿನ ಕೆಳಗೆ ಕಣ್ಣಿಗೆ ಓದಬಲ್ಲ ಒಂದು ಸಂಖ್ಯೆ ಇರಲಿ. ಒಡೆದ ಪರದೆಯ ಫೋನ್ ಹಿಡಿದು ಬಂದವರನ್ನು ಒಳಗೆ ಬಿಡಲು ಸಿಬ್ಬಂದಿಗೆ ಇರುವ ದಾರಿ ಆ ಸಂಖ್ಯೆಯೊಂದೇ.

ಕೋಡ್ ಸ್ಥಿರವಾಗಿದ್ದರೆ ಅದರ ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆ ಕಳಿಸಬಹುದು. ಇದಕ್ಕೆ ಎರಡು ಪರಿಹಾರಗಳಿವೆ. ಎಲ್ಲ ಬಾಗಿಲುಗಳಲ್ಲೂ ನೆಟ್‌ವರ್ಕ್ ಇದ್ದರೆ ಒಮ್ಮೆ ಬಳಸಿದ ಕೋಡನ್ನು ಆ ತಾಣದಲ್ಲಿ ಮತ್ತೆ ಒಪ್ಪದಂತೆ ಸರ್ವರ್ ನೋಡಿಕೊಳ್ಳುತ್ತದೆ, ಆಗ ಸ್ಕ್ರೀನ್‌ಶಾಟ್‌ಗೆ ಹೆದರಬೇಕಾಗಿಯೇ ಇಲ್ಲ. ಅದನ್ನು ಹಂಚಿದವರು ತಮ್ಮ ಸರದಿಯನ್ನೇ ಕಳೆದುಕೊಳ್ಳುತ್ತಾರೆ. ಎರಡನೆಯದು ಕೋಡನ್ನೇ ಬದಲಾಯಿಸುತ್ತಿರುವುದು. ಬ್ಯಾಂಕ್ ಮತ್ತು ಇಮೇಲ್ ಖಾತೆಗಳಿಗೆ ಆ್ಯಪ್ ತೋರಿಸುವ ಆರು ಅಂಕಿಗಳ ಹಿಂದಿರುವ, 2011ರಲ್ಲಿ ಪ್ರಕಟವಾದ ಮಾನದಂಡದಲ್ಲಿ ಪ್ರತಿ 30 ಸೆಕೆಂಡಿಗೆ ಹೊಸ ಸಂಖ್ಯೆ ಹುಟ್ಟುತ್ತದೆ. ಅದೇ ತತ್ವವನ್ನು ಕ್ಯೂಆರ್‌ಗೆ ಅನ್ವಯಿಸಿದರೆ ಪ್ರವಾಸಿಗರ ಫೋನಿಗೆ ನೆಟ್‌ವರ್ಕ್ ಇಲ್ಲದಿದ್ದರೂ ಕೋಡ್ ಬದಲಾಗುತ್ತಿರುತ್ತದೆ. ಅದಕ್ಕೆ ಫೋನಿನ ಗಡಿಯಾರ ಸರಿಯಿರಬೇಕು. ಕೈಯಿಂದ ಸಮಯ ಹೊಂದಿಸಿಕೊಂಡವರ ಫೋನ್ ಒಂದು ನಿಮಿಷ ಮುಂದಿದ್ದರೆ ಅವರ ಸಾಚಾ ಪಾಸ್ ತಿರಸ್ಕೃತವಾಗುತ್ತದೆ. ಪರಿಶೀಲನೆಯಲ್ಲಿ ಹಿಂದೆ ಮುಂದೆ ಒಂದೆರಡು ಅವಧಿಗಳ ಸಡಿಲಿಕೆ ಇಟ್ಟುಕೊಳ್ಳಬೇಕು. ಕೋಡ್ ಬದಲಾಗುವ ಪಾಸನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಲಾಗದು ಎಂಬುದನ್ನೂ ಮರೆಯಬಾರದು. ಹಿರಿಯರಿಗೆ ಮಕ್ಕಳು ಪಾಸ್ ಮುದ್ರಿಸಿ ಕೊಟ್ಟು ಕಳಿಸುವ ಸಂದರ್ಭಗಳು ಬಹಳ.

ನೆಟ್‌ವರ್ಕ್ ಇಲ್ಲದ ಬಾಗಿಲುಗಳಿಗೆ ಡಿಜಿಟಲ್ ಸಹಿ ಇರುವ ಕೋಡ್ ಒಳ್ಳೆಯದು. ಪಾಸ್‌ನ ವಿವರವೂ ಸಹಿಯೂ ಕೋಡಿನೊಳಗೇ ಇರುತ್ತವೆ. ಸಹಿಯನ್ನು ಪರೀಕ್ಷಿಸುವ ಕೀಲಿ ಸ್ಕ್ಯಾನರಿನಲ್ಲಿರುತ್ತದೆ. ಹೀಗಾಗಿ ಪಾಸ್ ಸಾಚಾ ಹೌದೋ ಅಲ್ಲವೋ ಎಂಬುದು ಅಲ್ಲೇ ತಿಳಿಯುತ್ತದೆ. ಅದೇ ಪಾಸ್ ಐದು ನಿಮಿಷದ ಹಿಂದೆ ಇನ್ನೊಂದು ಬಾಗಿಲಿನಲ್ಲಿ ಬಳಕೆಯಾಗಿದೆಯೇ ಎಂಬುದು ಮಾತ್ರ ಸ್ಕ್ಯಾನರ್‌ಗಳು ಸರ್ವರಿನೊಡನೆ ಲೆಕ್ಕ ಹೊಂದಿಸಿಕೊಳ್ಳುವವರೆಗೆ ತಿಳಿಯುವುದಿಲ್ಲ. ದಿನಕ್ಕೊಮ್ಮೆ ಲೆಕ್ಕ ಹೊಂದಿದರೆ ಸಾಕೇ, ಗಂಟೆಗೊಮ್ಮೆ ಬೇಕೇ ಎಂಬುದನ್ನು ಪ್ರವೇಶ ಶುಲ್ಕ ನೋಡಿ ನಿರ್ಧರಿಸಬಹುದು.

ಸರದಿಯ ವೇಗವನ್ನೂ ಗುಣಿಸಿ ನೋಡಬೇಕು. ಒಬ್ಬರಿಗೆ 6 ಸೆಕೆಂಡ್ ಹಿಡಿದರೆ 40 ಜನರ ಬಸ್ಸೊಂದು 4 ನಿಮಿಷದಲ್ಲಿ ಒಳಗೆ ಹೋಗುತ್ತದೆ. 15 ಸೆಕೆಂಡ್ ಹಿಡಿದರೆ 10 ನಿಮಿಷ. ಪಾಸ್ ಹುಡುಕಲು ಇಮೇಲ್ ತೆರೆದು, ಕೊಂಡಿ ಒತ್ತಿ, ಪುಟ ತೆರೆಯುವವರೆಗೆ ಕಾಯಬೇಕಾದರೆ 15 ಸೆಕೆಂಡೂ ಸಾಲದು. ಫೋನಿನ ವಾಲೆಟ್‌ಗೆ ಪಾಸ್ ಸೇರಿಸಿಕೊಳ್ಳುವ ಗುಂಡಿಯನ್ನು ಖರೀದಿಯ ಪುಟದಲ್ಲೇ ಎದ್ದು ಕಾಣುವಂತೆ ಇಡುವುದು ಇದಕ್ಕೆ ಸುಲಭ ಪರಿಹಾರ.

ಗೋಡೆಯ ಮೇಲೆ ಕೋಡ್, ಪ್ರವಾಸಿಗರ ಕೈಯಲ್ಲಿ ಕ್ಯಾಮೆರಾ

ಸಿಬ್ಬಂದಿಯಿಲ್ಲದ ತಾಣಗಳಿಗೆ, ಕೆಲಸದ ಒತ್ತಡದಲ್ಲಿರುವ ಹೋಟೆಲು ಅಂಗಡಿಗಳಿಗೆ ಈ ವಿಧಾನ ಆಕರ್ಷಕ. ಯಂತ್ರ ಬೇಡ, ತರಬೇತಿ ಬೇಡ, ಫೋನಿನ ಸಾಮಾನ್ಯ ಕ್ಯಾಮೆರಾ ಸಾಕು. ದೌರ್ಬಲ್ಯವೂ ಅಷ್ಟೇ ಸ್ಪಷ್ಟ: ಆ ಕೋಡಿನ ಫೋಟೋ ಒಬ್ಬರು ಹಂಚಿದರೆ ಮನೆಯಲ್ಲೇ ಕುಳಿತು ಎಲ್ಲ ತಾಣಗಳನ್ನೂ ಮುಗಿಸಬಹುದು. ಅಂಕ ಸೇರಿಸುವ ಉಚಿತ ಪಾಸ್‌ಗಳಿಗೆ ಇದು ದೊಡ್ಡ ಆಪತ್ತಲ್ಲ. ಬಹುಮಾನಕ್ಕೆ ಬೆಲೆಯಿದ್ದರೆ ಕೋಡಿನ ಜೊತೆಗೆ ಸ್ಥಳದ ಪರಿಶೀಲನೆಯನ್ನೂ ಸೇರಿಸಬೇಕು.

ಹೊರಾಂಗಣದಲ್ಲಿ ಹಾಕುವ ಫಲಕದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಈ ವಿಧಾನ ಸೋಲುವುದು ಬಹುಪಾಲು ಮುದ್ರಣದಲ್ಲಿ. ಕ್ಯೂಆರ್ ಕೋಡಿಗೆ ತನ್ನಲ್ಲಿನ ಹಾನಿಯನ್ನು ತಾನೇ ಸರಿಪಡಿಸಿಕೊಳ್ಳುವ ನಾಲ್ಕು ಮಟ್ಟಗಳಿವೆ. ಸುಮಾರು 7, 15, 25, 30 ಶೇಕಡಾ ಹಾನಿಯವರೆಗೆ ಅದು ಓದಲು ಬರುತ್ತದೆ. ಮಳೆ, ಧೂಳು, ಗೀರು ತಾಗುವ ಫಲಕಕ್ಕೆ ಕೊನೆಯ ಎರಡು ಮಟ್ಟಗಳಲ್ಲೊಂದನ್ನು ಆರಿಸಬೇಕು. ಹಾಗೆ ಆರಿಸಿದಾಗ ಚೌಕಗಳ ಸಂಖ್ಯೆ ಹೆಚ್ಚುತ್ತದೆ. ಅದನ್ನು ಹಿಡಿತದಲ್ಲಿಡಲು ಒಳಗಿನ ವಿಳಾಸ ಚಿಕ್ಕದಾಗಿರಬೇಕು. ಅತಿ ಹೆಚ್ಚಿನ ಮಟ್ಟದಲ್ಲಿ 30 ಅಕ್ಷರಗಳ ವಿಳಾಸ ಪ್ರತಿ ಬದಿಗೆ 33 ಚೌಕಗಳಲ್ಲಿ ಮುಗಿಯುತ್ತದೆ. ಜಾಹೀರಾತು ವಿಭಾಗದವರು ಜಾಡು ಹಿಡಿಯುವ ಬಾಲಂಗೋಚಿಗಳನ್ನೆಲ್ಲ ಸೇರಿಸಿ 110 ಅಕ್ಷರ ಮಾಡಿದರೆ ಪ್ರತಿ ಬದಿಗೆ 57 ಚೌಕಗಳು ಬೇಕಾಗುತ್ತವೆ. ಅಷ್ಟೇ ಅಗಲದ ಫಲಕದಲ್ಲಿ ಪ್ರತಿ ಚೌಕವೂ ಹೆಚ್ಚುಕಡಿಮೆ ಅರ್ಧಕ್ಕೆ ಕುಗ್ಗುತ್ತದೆ, ಹಳೆಯ ಕ್ಯಾಮೆರಾಗಳು ಅಲ್ಲಿಗೆ ಕೈಚೆಲ್ಲುತ್ತವೆ. ಓದುವ ದೂರದ ಹತ್ತನೇ ಒಂದು ಭಾಗದಷ್ಟು ಅಗಲವಿರಬೇಕೆಂಬುದು ಬಳಕೆಯಲ್ಲಿರುವ ಸರಳ ಲೆಕ್ಕ: 1 ಮೀಟರ್ ದೂರದಿಂದ ಓದಬೇಕಾದ ಕೋಡ್ 10 ಸೆಂಟಿಮೀಟರ್ ಅಗಲವಿರಲಿ. ಹೊಳೆಯುವ ಲ್ಯಾಮಿನೇಷನ್ ಬಿಸಿಲನ್ನು ಪ್ರತಿಫಲಿಸಿ ಕೋಡಿನ ಒಂದು ಮೂಲೆಯನ್ನೇ ಬಿಳಿಚಿಸುವುದರಿಂದ ಮಂದ ಹೊದಿಕೆಯೇ ಸೂಕ್ತ. ಫಲಕದ ಎತ್ತರ ಗಾಲಿಕುರ್ಚಿಯಲ್ಲಿ ಕುಳಿತವರ ಕೈಗೂ ನಿಲುಕಬೇಕು.

ಇನ್ನೊಂದು ಅಪಾಯ ನಿಜವಾದ ವಂಚಕರದು. ನಿಮ್ಮ ಕೋಡಿನ ಮೇಲೆ ಬೇರೊಂದು ಕೋಡಿನ ಸ್ಟಿಕ್ಕರ್ ಅಂಟಿಸಿ ಪ್ರವಾಸಿಗರನ್ನು ನಕಲಿ ಪಾವತಿ ಪುಟಕ್ಕೆ ಎಳೆಯುವುದು ಸುಲಭ. ಕೋಡನ್ನು ಪಾಸ್‌ನ ಆ್ಯಪ್ ಒಳಗಿನಿಂದಲೇ ಸ್ಕ್ಯಾನ್ ಮಾಡಿಸಿದರೆ ಬೇರೆ ವಿಳಾಸಗಳನ್ನು ಆ್ಯಪ್ ತಿರಸ್ಕರಿಸುತ್ತದೆ. ಫೋನಿನ ಕ್ಯಾಮೆರಾದಿಂದ ಓದಿಸುವುದಾದರೆ ತೆರೆಯಬೇಕಾದ ವಿಳಾಸವನ್ನು ಫಲಕದ ಮೇಲೆ ಅಕ್ಷರಗಳಲ್ಲೂ ಬರೆದಿರಬೇಕು, ಸ್ವಚ್ಛತೆಯ ಸಿಬ್ಬಂದಿ ವಾರಕ್ಕೊಮ್ಮೆ ಬೆರಳಾಡಿಸಿ ಮೇಲೆ ಏನಾದರೂ ಅಂಟಿದೆಯೇ ಎಂದು ನೋಡಬೇಕು.

ಪಿನ್ ಸಂಖ್ಯೆ

ತಾಣಕ್ಕೊಂದು ನಾಲ್ಕು ಅಂಕಿಯ ಪಿನ್ ಕೊಟ್ಟು, ಪ್ರವಾಸಿಗರು ಪಾಸ್ ತೋರಿಸಿದಾಗ ಸಿಬ್ಬಂದಿ ಅವರ ಫೋನಿನಲ್ಲೇ ಅದನ್ನು ಒತ್ತುವ ಕ್ರಮ ಬಹಳ ಹಳೆಯದು, ಮತ್ತು ಅದನ್ನು ಹೀಗಳೆಯುವವರೂ ಬಹಳ. ನನಗೆ ಅದರ ಬಗ್ಗೆ ಗೌರವವಿದೆ. ಕ್ಯಾಮೆರಾ ಅನುಮತಿ, ಲೊಕೇಶನ್ ಅನುಮತಿ, ಸ್ಕ್ಯಾನರ್, ಬೆಳಕು ಯಾವುದನ್ನೂ ಅದು ಕೇಳುವುದಿಲ್ಲ. ಒಬ್ಬರೇ ನಡೆಸುವ ಚಿಕ್ಕ ಅಂಗಡಿಗೂ ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಮುಗಿಯಿತು. ರಿಯಾಯಿತಿ ಕೊಡುವ ಅಂಗಡಿ, ಉಪಾಹಾರ ಮಂದಿರಗಳಲ್ಲಿ ಹೇಗಿದ್ದರೂ ಸಿಬ್ಬಂದಿಯೊಡನೆ ಮಾತು ನಡೆಯುವುದರಿಂದ ಈ ವಿಧಾನ ಸಹಜವಾಗಿ ಕೂಡಿಕೊಳ್ಳುತ್ತದೆ.

ನಾಲ್ಕು ಅಂಕಿಗೆ ಇರುವ ಸಾಧ್ಯತೆಗಳು 10,000 ಮಾತ್ರ. ಐದು ಬಾರಿ ತಪ್ಪಿದರೆ ಕೆಲ ಹೊತ್ತು ತಡೆಯುವ ವ್ಯವಸ್ಥೆ ಇರಲೇಬೇಕು, ಪರಿಶೀಲನೆ ಸರ್ವರಿನಲ್ಲೇ ನಡೆಯಬೇಕು. ನೆಟ್‌ವರ್ಕ್ ಇಲ್ಲದಾಗಲೂ ನಡೆಯಲೆಂದು ಪಿನ್ ಅನ್ನು ಗೂಢಲಿಪಿಯಾಗಿ ಫೋನಿನಲ್ಲೇ ಇಟ್ಟರೆ, ಹತ್ತು ಸಾವಿರ ಸಾಧ್ಯತೆಗಳನ್ನು ಪರೀಕ್ಷಿಸಿ ಅದನ್ನು ಬಿಡಿಸುವುದು ಕಂಪ್ಯೂಟರಿಗೆ ಕ್ಷಣದ ಕೆಲಸ. ನಿಜವಾದ ಸೋರಿಕೆ ಮಾತ್ರ ಇದಕ್ಕಿಂತ ಸರಳ: ಗಿರಾಕಿಗಳು ಹೆಚ್ಚಿರುವಾಗ ಸಿಬ್ಬಂದಿ ಸಂಖ್ಯೆಯನ್ನು ಬಾಯಲ್ಲೇ ಹೇಳಿಬಿಡುತ್ತಾರೆ, ಅಥವಾ ಕೌಂಟರಿನ ಗಾಜಿಗೆ ಚೀಟಿ ಅಂಟಿಸಿಡುತ್ತಾರೆ. ಅದಕ್ಕಾಗಿ ಅವರನ್ನು ಗದರಿಸುವುದಕ್ಕಿಂತ ತಿಂಗಳಿಗೊಮ್ಮೆ ಪಿನ್ ಬದಲಾಯಿಸಿ, ಹಳೆಯದನ್ನು ಒಂದೆರಡು ದಿನ ಜೊತೆಗೇ ಚಾಲ್ತಿಯಲ್ಲಿಟ್ಟು ಹೊಸದಕ್ಕೆ ದಾಟಿಸುವುದು ಫಲಕಾರಿ. ಬೇರೊಬ್ಬರ ಫೋನನ್ನು ಮುಟ್ಟಲು ಸಿಬ್ಬಂದಿಗೂ, ಮುಟ್ಟಿಸಲು ಪ್ರವಾಸಿಗರಿಗೂ ಇರುವ ಸಂಕೋಚವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಜಿಪಿಎಸ್: ಬಯಲಿನಲ್ಲಿ ಬಲ, ಒಳಾಂಗಣದಲ್ಲಿ ದುರ್ಬಲ

ಸಿಬ್ಬಂದಿಯಿಲ್ಲದ ವೀಕ್ಷಣಾ ಸ್ಥಳ, ಜಲಪಾತ, ಕಾಲುದಾರಿ, ಸ್ಮಾರಕಗಳಿಗೆ ಫಲಕವೂ ಬೇಡದ ವಿಧಾನ ಇದು. ತೆರೆದ ಆಕಾಶದ ಕೆಳಗೆ ಸ್ಮಾರ್ಟ್‌ಫೋನಿನ ಜಿಪಿಎಸ್ ನಿಖರತೆ ಸಾಮಾನ್ಯವಾಗಿ 4.9 ಮೀಟರ್ ಒಳಗೆ ಇರುತ್ತದೆ ಎಂದು ಅದನ್ನು ನಡೆಸುವ ಅಮೆರಿಕ ಸರ್ಕಾರವೇ ಹೇಳುತ್ತದೆ. ಕಟ್ಟಡ, ಸೇತುವೆ, ಮರಗಳ ಬಳಿ ಅದು ಕೆಡುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಬರುವುದರಿಂದ ಫೋನ್ ತಾನು ಪಕ್ಕದ ಬೀದಿಯಲ್ಲಿದ್ದೇನೆಂದು ನಂಬುತ್ತದೆ. ದಪ್ಪ ಕಲ್ಲಿನ ಕೋಟೆಯೊಳಗೆ, ಗುಹೆಯಲ್ಲಿ, ನೆಲಮಾಳಿಗೆಯ ವಸ್ತುಸಂಗ್ರಹಾಲಯದಲ್ಲಿ ಅದನ್ನು ನೆಚ್ಚಲಾಗದು.

ಇದರಲ್ಲೂ ಎರಡು ಬಗೆಗಳಿವೆ. ಪ್ರವಾಸಿಗರು ತಾಣಕ್ಕೆ ಬಂದು ತಾವೇ ಗುಂಡಿ ಒತ್ತಿದಾಗ ಮಾತ್ರ ಸ್ಥಳ ನೋಡುವುದು ಒಂದು. ಆ್ಯಪ್ ಹಿನ್ನೆಲೆಯಲ್ಲಿ ಸದಾ ಗಮನಿಸುತ್ತಿದ್ದು ತಾಣದ ಸುತ್ತಲ ವೃತ್ತದೊಳಗೆ ಬಂದೊಡನೆ ತಾನಾಗಿ ದಾಖಲಿಸುವುದು ಇನ್ನೊಂದು. ಎರಡನೆಯದು ಕೇಳಲು ಸೊಗಸಾಗಿದೆ, ಆದರೆ ನಾನು ಅದನ್ನು ಸಲಹೆ ಮಾಡುವುದಿಲ್ಲ. ಹಿನ್ನೆಲೆಯಲ್ಲಿ ಸ್ಥಳ ತಿಳಿಯಲು ಐಫೋನಿನಲ್ಲೂ, 2019ರ ಆಂಡ್ರಾಯ್ಡ್ 10ರಿಂದ ಆಂಡ್ರಾಯ್ಡಿನಲ್ಲೂ ಪ್ರತ್ಯೇಕ ಅನುಮತಿ ಬೇಕು. ಕೆಲವೇ ದಿನದ ಪ್ರವಾಸಕ್ಕೆ ಕೊಂಡ ಪಾಸ್‌ಗೆ ಅಂಥ ಅನುಮತಿ ಕೊಡಲು ಜನ ಹಿಂಜರಿಯುವುದು ನ್ಯಾಯವೇ. ಒಂದು ಆ್ಯಪ್ ಒಂದೇ ಬಾರಿಗೆ ಐಫೋನಿನಲ್ಲಿ 20 ವೃತ್ತಗಳನ್ನು, ಆಂಡ್ರಾಯ್ಡಿನಲ್ಲಿ 100 ವೃತ್ತಗಳನ್ನು ಮಾತ್ರ ಗಮನಿಸಬಲ್ಲದು. ವೃತ್ತದ ತ್ರಿಜ್ಯ ಕನಿಷ್ಠ 100ರಿಂದ 150 ಮೀಟರ್ ಇರಲಿ ಎಂಬುದು ಆಂಡ್ರಾಯ್ಡಿನ ಮಾರ್ಗಸೂಚಿ. ಅಷ್ಟು ದೊಡ್ಡ ವೃತ್ತದೊಳಗೆ ಬಸ್ಸಿನಲ್ಲಿ ಕುಳಿತು ಹಾದುಹೋದವರೂ ಬೀಳುತ್ತಾರೆ.

ಗುಂಡಿ ಒತ್ತುವ ಬಗೆಯಲ್ಲಿ ಮುಖ್ಯ ನಿರ್ಧಾರ ತ್ರಿಜ್ಯದ್ದು. ಅದನ್ನು ನಕ್ಷೆಯ ಮುಂದೆ ಕುಳಿತು ನಿರ್ಧರಿಸಬಾರದು, ತಾಣದ ಎಲ್ಲ ಮೂಲೆಗಳಿಗೂ ಫೋನ್ ಹಿಡಿದು ನಡೆದು ನೋಡಬೇಕು. ನಕ್ಷೆಯಲ್ಲಿ ತಾಣದ ಗುರುತು ಮುಖ್ಯ ಕಟ್ಟಡದ ಮೇಲಿದ್ದು, ಜನ ಗುಂಡಿ ಒತ್ತುವುದು ಅರ್ಧ ಕಿಲೋಮೀಟರ್ ಆಚೆಯ ದ್ವಾರದಲ್ಲಾದರೆ ಬಂದವರೆಲ್ಲ ತಿರಸ್ಕೃತರಾಗುತ್ತಾರೆ. ಉದ್ಯಾನ, ಕೆರೆದಂಡೆಯಂಥ ಉದ್ದಗಲದ ತಾಣಗಳಿಗೆ ವೃತ್ತಕ್ಕಿಂತ ಗಡಿರೇಖೆಯ ಆಕೃತಿ ಹೊಂದುತ್ತದೆ. ಫೋನ್ ಸ್ಥಳದ ಜೊತೆಗೆ ತನ್ನ ಅಂದಾಜಿನ ದೋಷವನ್ನೂ ಮೀಟರ್‌ಗಳಲ್ಲಿ ತಿಳಿಸುತ್ತದೆ. ದೋಷ 80 ಮೀಟರ್ ಎಂದು ಫೋನೇ ಹೇಳುತ್ತಿರುವಾಗ 50 ಮೀಟರ್ ತ್ರಿಜ್ಯದ ಆಧಾರದಲ್ಲಿ ತಿರಸ್ಕರಿಸುವುದು ಅನ್ಯಾಯ. ಆಗ ಸ್ವಲ್ಪ ಬಯಲಿಗೆ ಬಂದು ಮತ್ತೆ ಒತ್ತುವಂತೆ ತಿಳಿಸಬೇಕು, ಎರಡನೇ ಬಾರಿಯೂ ಆಗದಿದ್ದರೆ ಬೇರೆ ದಾರಿ ತೋರಿಸಬೇಕು. 2020ರಲ್ಲಿ ಐಫೋನಿಗೆ ಬಂದ ಐಒಎಸ್ 14 ಮತ್ತು 2021ರ ಆಂಡ್ರಾಯ್ಡ್ 12ರಿಂದ ಬಳಕೆದಾರರು ಅಂದಾಜು ಸ್ಥಳವನ್ನಷ್ಟೇ ಕೊಡಬಹುದು. ಅಂಥವರಿಗೆ ಕಾರಣ ವಿವರಿಸಿ ನಿಖರ ಸ್ಥಳವನ್ನು ಕೇಳುವ ಒಂದು ಸಂದೇಶ ಸಿದ್ಧವಿರಲಿ. ಆ್ಯಪ್ ಇಲ್ಲದೆ ಬ್ರೌಸರಿನಲ್ಲಿ ನಡೆಯುವ ಪಾಸ್ ಆದರೆ ಸುರಕ್ಷಿತ ಸಂಪರ್ಕವಿರುವ ಪುಟಕ್ಕೆ ಮಾತ್ರ ಬ್ರೌಸರ್ ಸ್ಥಳ ತಿಳಿಸುತ್ತದೆ.

ಆಂಡ್ರಾಯ್ಡಿನ ಡೆವಲಪರ್ ಆಯ್ಕೆಗಳಲ್ಲಿ ಕೃತಕ ಸ್ಥಳ ಕೊಡುವ ಸೌಲಭ್ಯ ಇರುವುದರಿಂದ ಜಿಪಿಎಸ್ ಒಂದನ್ನೇ ನಂಬಿ ಹಣ ಪಾವತಿಸಬಾರದು. ಹತ್ತು ನಿಮಿಷದ ಅಂತರದಲ್ಲಿ ನೂರು ಕಿಲೋಮೀಟರ್ ದೂರದ ಎರಡು ತಾಣಗಳು ದಾಖಲಾದರೆ ಗುರುತಿಸುವ ಸರಳ ನಿಯಮವೊಂದು ಬಹುಪಾಲು ಮೋಸವನ್ನು ಹಿಡಿಯುತ್ತದೆ. ಖಾಸಗಿತನದ ವಿಷಯದಲ್ಲಿ ನನ್ನ ಸಲಹೆ ಸ್ಪಷ್ಟ: ಅಕ್ಷಾಂಶ ರೇಖಾಂಶಗಳನ್ನು ಉಳಿಸಿಕೊಳ್ಳಬೇಡಿ; ಇಂಥ ತಾಣ, ಇಂಥ ಸಮಯ, ಒಪ್ಪಿದೆ ಎಂಬಷ್ಟೇ ದಾಖಲಾದರೆ ಸಾಕು.

ಎನ್‌ಎಫ್‌ಸಿ ತಟ್ಟು

ಫೋನನ್ನು ಒಂದು ಬಿಲ್ಲೆಗೆ ತಾಕಿಸಿದರೆ ಸಾಕೆನ್ನುವ ಈ ವಿಧಾನ 13.56 ಮೆಗಾಹರ್ಟ್ಸ್ ತರಂಗದಲ್ಲಿ, ಹೆಚ್ಚೆಂದರೆ ನಾಲ್ಕು ಸೆಂಟಿಮೀಟರ್ ಅಂತರದಲ್ಲಿ ಕೆಲಸ ಮಾಡುತ್ತದೆ. ಬಿಲ್ಲೆಗೆ ಬ್ಯಾಟರಿ ಬೇಡ, ಬೆಳಕೂ ಬೇಡ; ಮಂದ ಬೆಳಕಿನ ಗ್ಯಾಲರಿಗಳಲ್ಲಿ ಇದು ಕ್ಯೂಆರ್‌ಗಿಂತ ಎಷ್ಟೋ ಮೇಲು. ದೃಷ್ಟಿದೋಷ ಇರುವವರಿಗೂ ಉಬ್ಬು ಗುರುತಿನ ಬಿಲ್ಲೆಯನ್ನು ಕೈಯಿಂದ ತಡವಿ ಹುಡುಕುವುದು, ಕ್ಯಾಮೆರಾ ಗುರಿಯಿಡುವುದಕ್ಕಿಂತ ಸುಲಭ.

ತೊಡಕು ಇರುವುದು ಎಲ್ಲಿ ತಾಕಿಸಬೇಕೆಂಬಲ್ಲಿ. ಐಫೋನಿನ ಆ್ಯಂಟೆನಾ ಮೇಲಂಚಿನಲ್ಲಿರುತ್ತದೆ, ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಬೆನ್ನಿನ ನಡುವೆ. ಮೊದಲ ಸಲ ಬಳಸುವವರು ಫೋನನ್ನು ಬಿಲ್ಲೆಯ ಮೇಲೆ ಅಡ್ಡಾದಿಡ್ಡಿ ಉಜ್ಜಿ, ಏನೂ ಆಗದೆ, ಬಿಲ್ಲೆಯೇ ಕೆಟ್ಟಿದೆಯೆಂದು ಹೊರಟುಹೋಗುತ್ತಾರೆ. ಫೋನ್ ಇಡುವ ಬಗೆಯನ್ನು ಚಿತ್ರದಲ್ಲಿ ತೋರಿಸುವ ಫಲಕ ಇಲ್ಲಿ ಅಲಂಕಾರವಲ್ಲ, ಅಗತ್ಯ. 2018ರ ಐಫೋನ್ ಎಕ್ಸ್‌ಎಸ್, ಎಕ್ಸ್‌ಆರ್‌ನಿಂದೀಚಿನ ಮಾದರಿಗಳು ಯಾವ ಆ್ಯಪ್ ತೆರೆಯದೆಯೂ ಬಿಲ್ಲೆ ಓದುತ್ತವೆ. ಕಡಿಮೆ ಬೆಲೆಯ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಎನ್‌ಎಫ್‌ಸಿಯೇ ಇರುವುದಿಲ್ಲ. ಲೋಹದ ಕಂಬದ ಮೇಲೆ ಸಾಮಾನ್ಯ ಬಿಲ್ಲೆ ಅಂಟಿಸಿದರೆ ಕೆಲಸ ಮಾಡುವುದಿಲ್ಲ, ಹಿಂಬದಿಗೆ ಲೋಹದ ಅಡ್ಡಿಯನ್ನು ತಡೆಯುವ ಫೆರೈಟ್ ಪದರವಿರುವ ಬಿಲ್ಲೆ ಬೇಕು. ಸಾಮಾನ್ಯ ಬಿಲ್ಲೆಯಲ್ಲಿರುವುದು ಬದಲಾಗದ ಒಂದು ವಿಳಾಸವಾದ್ದರಿಂದ ಅದನ್ನೂ ನಕಲು ಮಾಡಬಹುದು. ಪ್ರತಿ ತಟ್ಟಿಗೂ ಹೊಸ ಗೂಢ ಸಂಖ್ಯೆ ಹುಟ್ಟಿಸುವ ಎನ್‌ಟ್ಯಾಗ್ 424 ಡಿಎನ್‌ಎಯಂಥ ಬಿಲ್ಲೆಗಳು ಆ ದಾರಿಯನ್ನು ಮುಚ್ಚುತ್ತವೆ. ಸಿಬ್ಬಂದಿಯಿಲ್ಲದ ತಾಣದಲ್ಲಿ, ಬೆಲೆಬಾಳುವ ಬಹುಮಾನಕ್ಕೆ, ಪ್ರವಾಸಿಗರು ನಿಜಕ್ಕೂ ಬಂದಿದ್ದರೆಂಬುದಕ್ಕೆ ಗಟ್ಟಿ ಪುರಾವೆ ಬೇಕಿದ್ದರೆ ನನ್ನ ಆಯ್ಕೆ ಇದೇ.

ಬೀಕನ್ ಮತ್ತು ಮುಖ

2013ರಲ್ಲಿ ಆ್ಯಪಲ್ ಐಬೀಕನ್ ಪ್ರಕಟಿಸಿದಾಗ ಬ್ಲೂಟೂತ್ ಬೀಕನ್‌ಗಳ ಬಗ್ಗೆ ಇದ್ದ ಉತ್ಸಾಹ ಈಗ ಉಳಿದಿಲ್ಲ. ಸುತ್ತಲಿನ ಬೀಕನ್‌ಗಳಿಂದ ಸೂಚನೆ ತೋರಿಸುತ್ತಿದ್ದ ಆಂಡ್ರಾಯ್ಡಿನ ಸೌಲಭ್ಯವನ್ನು ಗೂಗಲ್ 2018ರ ಕೊನೆಯಲ್ಲಿ ನಿಲ್ಲಿಸಿತು. ಆ್ಯಪ್, ಬ್ಲೂಟೂತ್, ಅನುಮತಿಗಳು ಎಲ್ಲವೂ ಸರಿಯಿರಬೇಕು, ಬ್ಯಾಟರಿ ಬದಲಾಯಿಸುತ್ತಿರಬೇಕು, ಜನ ತುಂಬಿದಾಗ ಅವರ ಮೈಗಳೇ ಸಂಕೇತವನ್ನು ಹೀರಿಕೊಳ್ಳುತ್ತವೆ. ದೊಡ್ಡ ಒಳಾಂಗಣದಲ್ಲಿ ಯಾವ ಕೋಣೆಯಲ್ಲಿದ್ದಾರೆಂದು ತಿಳಿಯಲು ಅದು ಸರಿ, ಚೆಕ್-ಇನ್‌ಗೆ ಬೇಡ. ಮುಖ ಗುರುತಿಸುವಿಕೆಯ ಬಗ್ಗೆ ಇಷ್ಟೇ ಹೇಳುತ್ತೇನೆ: ಸೋರಿದ ಪಿನ್ ಬದಲಾಯಿಸಬಹುದು, ಮುಖ ಬದಲಾಯಿಸಲಾಗದು. ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮ ವ್ಯಕ್ತಿಯನ್ನು ಗುರುತಿಸಲು ಬಳಸುವ ಇಂಥ ಮಾಹಿತಿಯನ್ನು ವಿಶೇಷ ವರ್ಗಕ್ಕೆ ಸೇರಿಸಿದೆ. ಪ್ರವಾಸದ ಪಾಸ್‌ಗೆ ಅಷ್ಟು ದೊಡ್ಡ ಹೊಣೆ ಹೊರುವ ಅಗತ್ಯ ನನಗೆ ಕಾಣುವುದಿಲ್ಲ.

ಬೆರೆಸುವ ಬಗೆ

ನಾಲ್ಕು ಬಗೆಯ ತಾಣಗಳಿರುವ ಪಾಸ್‌ಗೆ ನಾಲ್ಕು ವಿಧಾನ ಇಡಬೇಕೆಂದಿಲ್ಲ. ಶುಲ್ಕವಿರುವ, ಸಿಬ್ಬಂದಿಯಿರುವ ತಾಣಗಳಿಗೆ ಸ್ಕ್ಯಾನ್. ಬಯಲಿನ ತಾಣಗಳಿಗೆ ಗುಂಡಿ ಒತ್ತುವ ಜಿಪಿಎಸ್. ಅಂಗಡಿ, ಉಪಾಹಾರ ಮಂದಿರಗಳಿಗೆ ಪಿನ್: ಇವುಗಳಲ್ಲಿ ಎರಡನ್ನು ಆರಿಸಿ, ಒಂದನ್ನು ಬದಲಿ ದಾರಿಯಾಗಿ ಇಟ್ಟುಕೊಂಡರೆ ಹೆಚ್ಚಿನ ಪಾಸ್‌ಗಳು ನಡೆಯುತ್ತವೆ. ಪ್ರವಾಸಿಗರಿಗೆ ಆ್ಯಪ್‌ನಲ್ಲಿ ಕಾಣುವುದು ಎಲ್ಲ ತಾಣದಲ್ಲೂ ಒಂದೇ ಗುಂಡಿಯಾಗಿರಲಿ. ಅದನ್ನು ಒತ್ತಿದಾಗ ಆ ತಾಣಕ್ಕೆ ತಕ್ಕ ವಿಧಾನ ತಾನಾಗಿ ತೆರೆದುಕೊಳ್ಳಲಿ.

ಯಾವ ವಿಧಾನ ಆರಿಸಿದರೂ ಉಳಿಯುವ ಒಂದು ಪ್ರಶ್ನೆ ಕುಟುಂಬದ್ದು. ನಾಲ್ವರಿಗೆ ಒಂದೇ ಫೋನ್ ಇರುವುದು ಅಪರೂಪವಲ್ಲ. ಸ್ಕ್ಯಾನ್ ಪದ್ಧತಿಯಲ್ಲಿ ನಾಲ್ಕು ಪಾಸ್‌ಗಳನ್ನು ಒಂದೊಂದಾಗಿ ಸರಿಸುತ್ತಾ ತೋರಿಸಬೇಕೋ, ಒಂದೇ ಕೋಡ್ ಓದಿ ಎಷ್ಟು ಜನ ಎಂದು ಸಿಬ್ಬಂದಿ ಆರಿಸಬೇಕೋ ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಎರಡನೆಯದೇ ಸರದಿಗೂ ಜನರಿಗೂ ಹಿತ. ಗುಂಪಿನಲ್ಲೊಬ್ಬರು ಅಂದು ಬಾರದಿದ್ದರೆ ಅವರ ಭೇಟಿ ಮತ್ತೊಂದು ದಿನಕ್ಕೆ ಉಳಿಯುವಂತೆಯೂ ಇರಬೇಕು. ಸಮಯ ಕಾಯ್ದಿರಿಸುವ ತಾಣಗಳಲ್ಲಿ ಪಾಸ್ ಇದ್ದರೆ ಸಾಲದು ಎಂಬುದನ್ನು ಖರೀದಿಯ ಹೊತ್ತಿನಲ್ಲೇ ತಿಳಿಸಬೇಕು. ಪ್ಯಾರಿಸ್ ಮ್ಯೂಸಿಯಂ ಪಾಸ್ ಇದ್ದವರೂ ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಸಮಯ ಕಾಯ್ದಿರಿಸಬೇಕು, ಬಾಗಿಲಿನ ಯಾವ ಚೆಕ್-ಇನ್ ವಿಧಾನವೂ ಆ ನಿರಾಶೆಯನ್ನು ತಪ್ಪಿಸಲಾರದು.

ಫಲಕಗಳನ್ನು ಮುದ್ರಿಸುವ ಮೊದಲು ಪ್ರತಿ ತಾಣದಲ್ಲೂ ಪರೀಕ್ಷೆ ನಡೆಸಬೇಕು: ನಡು ಮಧ್ಯಾಹ್ನ ಒಮ್ಮೆ, ಸಂಜೆಗತ್ತಲಲ್ಲಿ ಒಮ್ಮೆ, ನಿಮ್ಮಲ್ಲಿ ಸಿಗುವ ಅತ್ಯಂತ ಹಳೆಯ ಫೋನಿನಿಂದ, ನೆಟ್‌ವರ್ಕ್ ಬಂದ್ ಮಾಡಿ, ಲೊಕೇಶನ್ ಅನುಮತಿ ನಿರಾಕರಿಸಿ. ಬ್ಯಾಟರಿ ಮುಗಿದ ಫೋನಿನೊಡನೆ ಬಂದವರನ್ನು ಒಳಗೆ ಬಿಡುವ ಕ್ರಮ ಏನೆಂದು ಕೌಂಟರಿನವರನ್ನು ಕೇಳಿ. ಉತ್ತರ ತಿಳಿಯದಿದ್ದರೆ ಪಾಸ್ ಕೊಂಡಾಗಿನ ಹೆಸರು ಅಥವಾ ಸಂಖ್ಯೆಯಿಂದ ಹುಡುಕುವ ಪುಟವೊಂದನ್ನು ಅವರಿಗೆ ಕೊಡಿ. ಪಾಸ್ ಚಾಲ್ತಿಗೆ ಬಂದ ಮೇಲೆ ಪ್ರತಿ ಚೆಕ್-ಇನ್ ಯಾವ ವಿಧಾನದಿಂದ ಆಯಿತು, ಯಾವುದು ಮೊದಲ ಯತ್ನದಲ್ಲಿ ವಿಫಲವಾಗಿ ಬದಲಿ ದಾರಿಯಲ್ಲಿ ಸಾಗಿತು ಎಂಬುದೂ ದಾಖಲಾಗಲಿ. ಒಂದು ತಾಣದಲ್ಲಿ ಬದಲಿ ದಾರಿಯ ಬಳಕೆಯೇ ಹೆಚ್ಚಾಗಿದ್ದರೆ ಅಲ್ಲಿನ ವಿಧಾನವನ್ನು ಮುಂದಿನ ಋತುವಿಗೆ ಕಾಯದೆ ಬದಲಾಯಿಸಬೇಕು.